ಒಂದೇ ಕೋಣೆ, ಇಬ್ಬರು ಮೇಷ್ಟ್ರು

ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಮ್ಯುನಿಟಿ ಕಾಲೇಜುಗಳಿಗೆ ಬರುವ ವಲಸಿಗರ ಮುಂದೆ ಬಹುಕಾಲ ಇದ್ದದ್ದು ಒಂದೇ ದಾರಿ. ಮೊದಲು ಇಂಗ್ಲಿಷ್ ತರಗತಿಗಳ ಮೆಟ್ಟಿಲುಗಳನ್ನೆಲ್ಲ ಹತ್ತಬೇಕು. ಆಮೇಲೆ ಬೆಸುಗೆಯೋ ಶುಶ್ರೂಷೆಯೋ, ಬೇಕಾದ ಕಸುಬಿನ ಕೋರ್ಸಿಗೆ ಸೇರಬೇಕು. ಹಗಲಿಡೀ ದುಡಿದು ಸಂಜೆ ಪಾಠಕ್ಕೆ ಬರುವವರು, ಮನೆಯಲ್ಲಿ ಸಣ್ಣ ಮಕ್ಕಳಿರುವವರು ಆ ‘ಆಮೇಲೆ’ಗಾಗಿ ಎಷ್ಟು ವರ್ಷ ಕಾದಾರು?

ಹೆಚ್ಚಿನವರು ಕಾಯಲಿಲ್ಲ ಎಂಬುದನ್ನು ಡೇವಿಡ್ ಪ್ರಿನ್ಸ್ ಮತ್ತು ಡೇವಿಸ್ ಜೆಂಕಿನ್ಸ್ 2005ರಲ್ಲಿ ಅಂಕಿಅಂಶಗಳಲ್ಲಿ ತೋರಿಸಿದರು. ಐದು ವರ್ಷಗಳ ಲೆಕ್ಕ ತೆಗೆದು ನೋಡಿದಾಗ, ಇಂಗ್ಲಿಷ್ ಕಲಿಕೆಯಿಂದ ಶುರು ಮಾಡಿದವರಲ್ಲಿ ಕಾಲೇಜಿನ ಕ್ರೆಡಿಟ್ ಒಂದಿಷ್ಟಾದರೂ ಗಳಿಸಿದವರು ಶೇ 13ರಷ್ಟು ಮಾತ್ರ. ವರ್ಷದ ಓದು ಮುಗಿಸಿ ಕೈಯಲ್ಲೊಂದು ಪ್ರಮಾಣಪತ್ರ ಹಿಡಿದರೆ ಗಳಿಕೆ ಎದ್ದು ಕಾಣುವಂತೆ ಏರುತ್ತದೆ ಎಂಬುದೂ ಆ ಅಧ್ಯಯನದಲ್ಲಿತ್ತು. ಅಲ್ಲಿಯವರೆಗೆ ತಲುಪಿದವರು ಬೆರಳೆಣಿಕೆಯಷ್ಟು ಮಂದಿ.

ಕೆಲಸಗಾರರಿಗೆ ಭಾಷೆ ಕಲಿಸುವ ಯತ್ನ ಅಮೆರಿಕಕ್ಕೆ ಹೊಸದೇನಲ್ಲ. ಹೆನ್ರಿ ಫೋರ್ಡ್ 1914ರಲ್ಲಿ ಮಿಷಿಗನ್‌ನ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲೇ ಇಂಗ್ಲಿಷ್ ಶಾಲೆ ತೆರೆದಿದ್ದ. ಅಲ್ಲಿನ ಕಾರ್ಮಿಕರಲ್ಲಿ ಹೆಚ್ಚಿನವರು ಹೊರದೇಶಗಳಲ್ಲಿ ಹುಟ್ಟಿದವರು. ವೈಎಂಸಿಎಯ ಪೀಟರ್ ರಾಬರ್ಟ್ಸ್ ರೂಪಿಸಿದ ಪಾಠಗಳು ಮನೆ, ವ್ಯಾಪಾರ, ಕಾರ್ಖಾನೆ ಎಂದು ದಿನದ ಬದುಕನ್ನೇ ಹಿಡಿದು ಸಾಗುತ್ತಿದ್ದವು. ಕಲಿಸುವವರು ಅದೇ ಕಾರ್ಖಾನೆಯ ನೌಕರರು. ಕಲಿಯುವವರು ಪಾಳಿಗೆ ಮೊದಲೋ ಪಾಳಿ ಮುಗಿದ ಮೇಲೋ ಬಂದು ಕೂರುತ್ತಿದ್ದರು. ಪಾಠಕ್ರಮದಲ್ಲಿ ನಿಜಕ್ಕೂ ಜಾಣ್ಮೆಯಿತ್ತು. ಉದ್ದೇಶ ಮಾತ್ರ ಬೇರೆ. ಪದವಿ ಸಮಾರಂಭದ ವೇದಿಕೆಯಲ್ಲಿ ದೊಡ್ಡದೊಂದು ಕಡಾಯಿ ಇಟ್ಟಿರುತ್ತಿದ್ದರು. ತಮ್ಮ ತಮ್ಮ ನಾಡಿನ ಉಡುಪಿನಲ್ಲಿ ಅದರೊಳಗೆ ಇಳಿದವರು ಅಮೆರಿಕನ್ ಸೂಟು ತೊಟ್ಟು, ಧ್ವಜ ಹಿಡಿದು ಹೊರಬರಬೇಕಿತ್ತು. ಭಾಷೆ ಕಲಿಸುವುದಕ್ಕೆ ತಾಯಿನಾಡನ್ನು ಕಳಚಿಡು ಎಂಬ ಷರತ್ತು ಯಾಕೆ ಬೇಕಿತ್ತು? ನನಗದು ಇಂದಿಗೂ ನೋವಿನ ಸಂಗತಿ.

ಆ ಷರತ್ತು ಮುಂದೆ ಕಾರ್ಖಾನೆಯ ನಿಯಮಗಳಲ್ಲೂ ತಲೆಯೆತ್ತಿತು. ಕೆಲಸದ ಹೊತ್ತಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಬಾರದು ಎಂಬ ಕಟ್ಟಳೆಯನ್ನು ಸಮಾನ ಉದ್ಯೋಗಾವಕಾಶ ಆಯೋಗ 1980ರ ಮಾರ್ಗಸೂಚಿಯಲ್ಲಿ ಶಂಕೆಯಿಂದ ನೋಡಿತು. ಇಡೀ ದಿನಕ್ಕೆ ಅನ್ವಯಿಸುವ ಇಂಥ ನಿಯಮ ತಾರತಮ್ಯಕ್ಕೆ ಎಡೆಮಾಡುತ್ತದೆ ಎಂದಿತು. ಆದರೆ ಸೌತ್ ಸ್ಯಾನ್ ಫ್ರಾನ್ಸಿಸ್ಕೊದ ಮಾಂಸ ಸಂಸ್ಕರಣಾ ಕಂಪನಿ ಸ್ಪನ್ ಸ್ಟೀಕ್‌ನ ಪ್ರಕರಣದಲ್ಲಿ 1993ರಲ್ಲಿ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ ಆ ಮಾರ್ಗಸೂಚಿಯನ್ನು ಒಪ್ಪದೆ ಮಾಲೀಕರ ಪರ ನಿಂತಿತು. ವಾಷಿಂಗ್ಟನ್ ರಾಜ್ಯವೂ ಇದೇ ವಲಯಕ್ಕೆ ಸೇರಿದ್ದು. ಬಾಯಿಗೆ ಬೀಗ ಹಾಕುವುದು ಸುಲಭ, ಖರ್ಚಿಲ್ಲದ್ದು. ಕಲಿಸಲು ದುಡ್ಡೂ ಬೇಕು, ಸಹನೆಯೂ ಬೇಕು.

ವಾಷಿಂಗ್ಟನ್‌ನ ಕಾಲೇಜು ಮಂಡಳಿ ಎರಡನ್ನೂ ತೊಡಗಿಸಿತು. ಪ್ರಿನ್ಸ್ ಮತ್ತು ಜೆಂಕಿನ್ಸ್ ಅವರ ವರದಿ ಹೊರಬರುವ ಮೊದಲೇ, 2004ರಲ್ಲಿ, 10 ಕಾಲೇಜುಗಳಲ್ಲಿ ‘ಐ-ಬೆಸ್ಟ್’ ಎಂಬ ಪ್ರಯೋಗ ಶುರುವಾಗಿತ್ತು. ಇದರ ಜೀವಾಳ ಸರಳ: ಕಸುಬಿನ ಮೇಷ್ಟ್ರು, ಭಾಷೆಯ ಮೇಷ್ಟ್ರು ಇಬ್ಬರೂ ಒಂದೇ ಕೋಣೆಯಲ್ಲಿರಬೇಕು. ಕನಿಷ್ಠ ಅರ್ಧದಷ್ಟು ತರಗತಿ ಸಮಯ ಜೊತೆಯಾಗಿ ನಡೆಯಬೇಕು ಎಂಬುದು ನಿಯಮ. ನರ್ಸಿಂಗ್ ಸಹಾಯಕರ ತರಗತಿಯನ್ನೇ ತೆಗೆದುಕೊಳ್ಳಿ. ಒಬ್ಬರು ರಕ್ತದೊತ್ತಡ ಅಳೆಯುವ ಕ್ರಮ ತೋರಿಸುತ್ತಾರೆ. ಇನ್ನೊಬ್ಬರು ಅದೇ ಹೊತ್ತಿನಲ್ಲಿ, ರೋಗಿಯನ್ನು ನೋವು ಎಲ್ಲಿದೆ ಎಂದು ಕೇಳುವುದು ಹೇಗೆ, ಪಾಳಿ ಬದಲಾಗುವಾಗ ನರ್ಸ್‌ಗೆ ಒಪ್ಪಿಸುವುದು ಹೇಗೆ, ಚಾರ್ಟಿನಲ್ಲಿ ಬರೆಯುವುದು ಹೇಗೆ ಎಂದು ಕಲಿಸುತ್ತಾರೆ. ವ್ಯಾಕರಣ ಪಠ್ಯಪುಸ್ತಕದ ಸರದಿಯಲ್ಲಿ ಬರುವುದಿಲ್ಲ, ಕೆಲಸ ಕೇಳಿದಾಗ ಬರುತ್ತದೆ. ಜೊತೆಗೆ ಕಾಲೇಜಿನ ಕ್ರೆಡಿಟ್ಟೂ ಜಮೆಯಾಗುತ್ತ ಹೋಗುತ್ತದೆ.

ಇಬ್ಬರು ಮೇಷ್ಟ್ರೆಂದರೆ ಎರಡು ಸಂಬಳ. ಎಷ್ಟೋ ಒಳ್ಳೆಯ ಯೋಜನೆಗಳು ಅನುದಾನ ಮುಗಿದೊಡನೆ ಸತ್ತುಹೋಗುವುದು ಇಲ್ಲೇ. ಮಂಡಳಿ ಐ-ಬೆಸ್ಟ್ ವಿದ್ಯಾರ್ಥಿಗಳ ಲೆಕ್ಕದಲ್ಲಿ ಕಾಲೇಜುಗಳಿಗೆ ಮಾಮೂಲಿನ 1.75 ಪಟ್ಟು ಹಣ ಕೊಡಲು ಒಪ್ಪಿತು. ಈ ಯೋಜನೆ ಉಳಿದು ರಾಜ್ಯದ ಉಳಿದ ಕಾಲೇಜುಗಳಿಗೂ ಹಬ್ಬಿತೆಂದರೆ, ಪಾಠಕ್ರಮದಷ್ಟೇ ಶ್ರೇಯಸ್ಸು ಈ ಒಂದು ಆಡಳಿತಾತ್ಮಕ ತೀರ್ಮಾನಕ್ಕೂ ಸಲ್ಲಬೇಕು.

ಆಮೇಲಿನ ಹಾದಿ ನೇರವಾಗಿರಲಿಲ್ಲ. ಪ್ರೌಢಶಾಲೆಯ ಪ್ರಮಾಣಪತ್ರ ಇಲ್ಲದವರಿಗೆ ಸಿಗುತ್ತಿದ್ದ ಕೇಂದ್ರದ ವಿದ್ಯಾರ್ಥಿ ನೆರವು 2012ರಲ್ಲಿ ಹೊಸಬರಿಗೆ ನಿಂತುಹೋಯಿತು. ಐ-ಬೆಸ್ಟ್‌ಗೆ ಬರುತ್ತಿದ್ದವರಲ್ಲಿ ಅಂಥವರು ಅನೇಕರಿದ್ದರು. 2014ರ ಕೊನೆಗೆ ಕಸುಬು ಶಿಕ್ಷಣದ ಇಂಥ ಕೋರ್ಸುಗಳಿಗೆ ನೆರವು ಮರಳಿತು. ಅದೇ ವರ್ಷದ ಕಾರ್ಮಿಕ ತರಬೇತಿ ಕಾನೂನು ಓದುಬರಹ, ಭಾಷೆ, ಕಸುಬುಗಳನ್ನು ಬೆಸೆದು ಕಲಿಸುವ ಕ್ರಮಕ್ಕೆ ದೇಶದ ಮಟ್ಟದಲ್ಲಿ ಮನ್ನಣೆ ಕೊಟ್ಟಿತು.

ಫಲ? ಬೆಲ್ಲಿಂಗ್‌ಹ್ಯಾಮ್, ಎವರೆಟ್, ವಾಟ್‌ಕಮ್ ಕಾಲೇಜುಗಳಲ್ಲಿ ಅರ್ಜಿದಾರರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಅಧ್ಯಯನ ನಡೆಸಿದರು. ಐ-ಬೆಸ್ಟ್ ಸಿಕ್ಕವರು ಹೆಚ್ಚು ಕ್ರೆಡಿಟ್, ಹೆಚ್ಚು ಪ್ರಮಾಣಪತ್ರ ಗಳಿಸಿದರು. ಸಂಬಳದಲ್ಲಿ ಮಾತ್ರ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಇದನ್ನು ಮುಚ್ಚಿಡಬಾರದು. ನರ್ಸಿಂಗ್ ಸಹಾಯಕರ ಕೆಲಸ ಆಸ್ಪತ್ರೆಯ ಏಣಿಯಲ್ಲಿ ಕೆಳಗಿನದು; ಮೊದಲ ಪ್ರಮಾಣಪತ್ರ ಅಲ್ಲಿಗಷ್ಟೇ ಮುಟ್ಟಿಸುತ್ತದೆ. ಮುಂದಿನ ನರ್ಸಿಂಗ್ ಕೋರ್ಸಿನ ಇಂಗ್ಲಿಷ್ ಇನ್ನೂ ಕಠಿಣ. ಆ ತರಗತಿಯಲ್ಲೂ ಎರಡನೇ ಮೇಷ್ಟ್ರು ಇರಬೇಕು, ಅವರ ಸಂಬಳಕ್ಕೂ 1.75ರಂಥದೊಂದು ಲೆಕ್ಕ ಇರಬೇಕು ಎಂಬುದು ನನ್ನ ಖಚಿತ ನಿಲುವು.