ನಮ್ಮ ಪೇಟಿಗೆ ಅಮೆರಿಕದಲ್ಲಿ ಬೀಗರಿದ್ದಾರೆ!

ಒಂದು ಪೆಟ್ಟಿಗೆ. ಮೇಲೆ ಕರಿ-ಬಿಳಿ ಮನೆಗಳು. ಒಳಗೆ ಸಾಲಾಗಿ ಲೋಹದ ರೀಡುಗಳು. ಶ್ರುತಿ ತಪ್ಪಿದರೆ ರೀಡಿನ ತುದಿಗೆ ಅರ ಹಿಡಿದು ಉಜ್ಜಬೇಕು. ಏನಿದು? ಹೇಳಿ ನೋಡೋಣ!

ಗುಳೇದಗುಡ್ಡದ ಯಾವ ಓಣಿಯಲ್ಲಾದರೂ ಕೇಳಿ. ಮಗ್ಗದ ಮುಂದೆ ಕೂತವರು ತಲೆ ಎತ್ತದೆಯೇ ಹೇಳುತ್ತಾರೆ: ‘ಪೇಟಿ, ಮತ್ತೇನ್ರೀ!’

ಅಲ್ಲ! ಇದು ಅಮೆರಿಕದ ವುರ್ಲಿಟ್ಜರ್ ಎಲೆಕ್ಟ್ರಿಕ್ ಪಿಯಾನೋ! 1959ರಲ್ಲಿ ಗಾಯಕ ರೇ ಚಾರ್ಲ್ಸ್ ಇದೇ ವಾದ್ಯದ ಮೇಲೆ ಬೆರಳಾಡಿಸಿ ಒಂದು ದೇಶವನ್ನೇ ಕುಣಿಸಿದರು. ನಮ್ಮ ಪೇಟಿ, ಅಂದರೆ ಹಾರ್ಮೋನಿಯಂನಲ್ಲಿ, ಹಿತ್ತಾಳೆಯ ರೀಡು, ಅದನ್ನು ನಡುಗಿಸುವುದು ಗಾಳಿ. ವುರ್ಲಿಟ್ಜರ್‌ನಲ್ಲಿ ಉಕ್ಕಿನ ರೀಡು, ಅದನ್ನು ನಡುಗಿಸುವುದು ಪುಟ್ಟ ಸುತ್ತಿಗೆಯ ಏಟು. ಮುಖ್ಯ ವ್ಯತ್ಯಾಸ ಇಷ್ಟೇ!

ರಿಪೇರಿ ಕೆಲಸ ನೋಡಿ, ಇನ್ನೂ ಮಜಾ ಇದೆ. ಪೇಟಿ ರಿಪೇರಿಯವರು ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ. ಬುಡ ಕೆರೆದರೆ ಇಳಿಯುತ್ತದೆ. ಒಂದೆರಡು ಎಳೆತ ಹೆಚ್ಚಾದರೆ ಮುಗಿಯಿತು, ಮತ್ತೆ ಬುಡಕ್ಕೆ ಬರಬೇಕು. ವುರ್ಲಿಟ್ಜರ್ ರೀಡಿನ ತುದಿಯಲ್ಲಿ ಸೀಸದ ಬೆಸುಗೆಯ ಒಂದು ಚಿಕ್ಕ ಗುಪ್ಪೆ ಇರುತ್ತದೆ. ಅದನ್ನು ಅರದಿಂದ ಉಜ್ಜಿದರೆ ಸ್ವರ ಏರುತ್ತದೆ. ಬೆಸುಗೆ ಹಾಕಿ ಭಾರ ಮಾಡಿದರೆ ಇಳಿಯುತ್ತದೆ. ಎರಡೂ ಕಡೆ ಅದೇ ಅರ, ಅದೇ ಕಿವಿ, ಅದೇ ತಾಳ್ಮೆ!

ಈಗ ವಿಷಯಕ್ಕೆ ಬರೋಣ. ನಿಮಗೊಂದು ‘ಕ್ಯಾಸಿಯೋ’ ಬೇಕು. ಅಂದರೆ ಕೀಬೋರ್ಡ್, ಯಾವ ಕಂಪನಿಯದಾದರೂ ನಮ್ಮ ಕಡೆ ಅದು ಕ್ಯಾಸಿಯೋನೇ! ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳ ತಂಬುಗಳು ಏಳುತ್ತವೆ. ಮದುವೆಗೆ ಆರ್ಕೆಸ್ಟ್ರಾ, ಗುಡಿಗೆ ಭಜನೆ. ಹಳೆಯ ಪಿಯಾನೋ, ಹಳೆಯ ಆರ್ಗನ್‌ಗಳ ಆ ಬೆಚ್ಚನೆಯ ದನಿ ಬೇಕು. ಕಿಸೆಗೂ ಕತ್ತರಿ ಬೀಳಬಾರದು. ಆಗುತ್ತದೆಯೇ?

ಆಗುತ್ತದೆ! ಕೀಬೋರ್ಡ್ ಆರಿಸಲು ಬೇಕಾದ ಕಿವಿಯನ್ನು ಪೇಟಿ ನಿಮಗೆ ಆಗಲೇ ಕೊಟ್ಟುಬಿಟ್ಟಿದೆ. ಹೇಗೆ ಗೊತ್ತೇ?

ಹ್ಯಾಮಂಡ್ ಆರ್ಗನ್ ಎಂಬ ಮಹಾಶಯನನ್ನು ಮೊದಲು ಭೇಟಿಯಾಗಿ. 1935ರಲ್ಲಿ ಮಾರುಕಟ್ಟೆಗೆ ಬಂತು. ಇದನ್ನು ಕಂಡುಹಿಡಿದ ಲಾರೆನ್ಸ್ ಹ್ಯಾಮಂಡ್ ಎಂಥ ಸಂಗೀತಗಾರ ಇರಬಹುದು? ಊಹಿಸಿ!

ಸಂಗೀತಗಾರನೇ ಅಲ್ಲ! ಗಡಿಯಾರ ಮಾಡುವವ! ಕರೆಂಟಿನ ಮಿಡಿತಕ್ಕೆ ಸರಿಯಾಗಿ ತಿರುಗುವ ಗಡಿಯಾರದ ಮೋಟಾರು ಅವನ ಕೈಯಲ್ಲಿತ್ತು. ಅದಕ್ಕೆ ಹಲ್ಲಿನ ಚಕ್ರಗಳನ್ನು ಜೋಡಿಸಿದ. ಪ್ರತಿ ಚಕ್ರದ ಪಕ್ಕ ಒಂದು ಅಯಸ್ಕಾಂತ, ಅದಕ್ಕೊಂದು ತಂತಿಯ ಸುರುಳಿ. ಚಕ್ರ ತಿರುಗಿತು, ಸ್ವರ ಹುಟ್ಟಿತು! ಪ್ರಸಿದ್ಧ ಬಿ-3 ಮಾದರಿಯಲ್ಲಿ ಇಂಥ ಚಕ್ರಗಳು 91! ಗಾಳಿ ಇಲ್ಲ, ರೀಡಿಲ್ಲ, ತಂತಿ ಮೀಟುವುದಿಲ್ಲ. ಗಡಿಯಾರ ಹಾಡುತ್ತದೆ!

ತಡೆಯಿರಿ, ಇಲ್ಲೊಂದು ತಮಾಷೆ ಇದೆ. ಅಮೆರಿಕದ ಕರೆಂಟು ಸೆಕೆಂಡಿಗೆ 60 ಸಲ ಮಿಡಿಯುತ್ತದೆ. ನಮ್ಮದು 50 ಸಲ. ಅಲ್ಲಿಯ ಹಳೇ ಹ್ಯಾಮಂಡನ್ನು ತಂದು, ವೋಲ್ಟೇಜ್ ಮಾತ್ರ ಸರಿಮಾಡಿ, ಬಾಗಲಕೋಟೆಯಲ್ಲಿ ಚಾಲೂ ಮಾಡಿದರೆ ಏನಾಗುತ್ತದೆ?

ಸುಡುವುದಿಲ್ಲ. ನಿಲ್ಲುವುದೂ ಇಲ್ಲ. ಚಕ್ರಗಳು ನಿಧಾನವಾಗುತ್ತವೆ. ಇಡೀ ವಾದ್ಯ ಮೂರು ಮನೆ, ಅದಕ್ಕಿಂತ ತುಸು ಹೆಚ್ಚೇ, ಕೆಳಗೆ ಜಾರುತ್ತದೆ. ನೀವು ಒತ್ತಿದ್ದು ಷಡ್ಜ. ಬಂದದ್ದು ಮಂದ್ರದ ಧೈವತ! ಜಾತ್ರೆಯ ಜನರೇಟರ್ ಮೇಲೆ ಹಾಕಿದರಂತೂ ಕೇಳಲೇಬೇಡಿ. ಜನರೇಟರ್ ಸುಸ್ತಾದ ಹಾಗೆ ಹಾಡೂ ಜಗ್ಗುತ್ತದೆ!

ಇಂದಿನ ಡಿಜಿಟಲ್ ಕೀಬೋರ್ಡುಗಳಿಗೆ ಈ ಕಾಟ ಇಲ್ಲ. ಸದ್ಯ!

ಈಗ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಸಂಗತಿ. ಹ್ಯಾಮಂಡ್‌ನ ಮನೆಗಳ ಮೇಲ್ಗಡೆ ಎಳೆದು ತಳ್ಳುವ ಕಡ್ಡಿಗಳಿವೆ. ಡ್ರಾಬಾರ್ ಅನ್ನುತ್ತಾರೆ. ಒಂದು ಗುಂಪಿನಲ್ಲಿ ಒಂಬತ್ತು. ಒಂದು ಮನೆ ಒತ್ತಿ ಕಡ್ಡಿಗಳನ್ನು ಒಂದೊಂದಾಗಿ ಎಳೆಯಿರಿ. ಏನು ಕೇಳುತ್ತದೆ?

ಮೊದಲನೆಯದು ಮಂದ್ರ ಸಾ. ಎರಡನೆಯದು ಪಾ. ಮೂರನೆಯದು ಮಧ್ಯ ಸಾ. ಆಮೇಲೆ ತಾರ ಸಾ, ತಾರ ಪಾ, ಇನ್ನೂ ಮೇಲಿನ ಸಾ. ಏಳನೆಯದು? ಗಾ! ಎಂಟನೆಯದು ಪಾ, ಒಂಬತ್ತನೆಯದು ಸಾ.

ಎಣಿಸಿದಿರಾ? ಐದು ಸಾ, ಮೂರು ಪಾ, ಒಂದು ಗಾ!

ತಂಬೂರಿಯ ಮುಂದೆ ಕಿವಿಗೊಟ್ಟು ಕೂತವರಿಗೆ ಮೈ ಜುಮ್ಮೆನ್ನಬೇಕು! ಸಾ-ಪಾ ಮಾತ್ರ ಕಟ್ಟಿದ ತಂತಿಗಳಿಂದ ಯಾರೂ ಮೀಟದ ಗಾಂಧಾರವೊಂದು ತಾನಾಗಿ ಮೇಲೇಳುತ್ತದಲ್ಲ, ಅದೇ ಸ್ವಯಂಭೂ ಗಾಂಧಾರ, ಅದೇ ಏಳನೇ ಕಡ್ಡಿ! ಷಿಕಾಗೋದ ಗಡಿಯಾರದವನಿಗೆ ತಂಬೂರಿಯ ಗುಟ್ಟು ಹೇಳಿದವರು ಯಾರು? ನಾದವೇ! ನಾದದೊಳಗಿನ ಮೇಲ್ಸ್ವರಗಳ ಲೆಕ್ಕ ಎಲ್ಲಾ ಊರಿಗೂ ಒಂದೇ. (ಹ್ಯಾಮಂಡ್‌ನ ಗಾಂಧಾರ ತಂಬೂರಿಯದಕ್ಕಿಂತ ಕೂದಲೆಳೆಯಷ್ಟು ಏರು. ಪಾಶ್ಚಾತ್ಯ ಸಮಪಾಲು ಶ್ರುತಿಯ ದೋಷ. ಹಾರ್ಮೋನಿಯಂ ಮೇಲೂ ಇದೇ ದೂರಿತ್ತು. ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗೇ ನಿಲ್ಲಿಸಿತ್ತು!)

ಪ್ರತಿ ಕಡ್ಡಿಗೂ ಸೊನ್ನೆಯಿಂದ ಎಂಟರವರೆಗೆ ಒಂಬತ್ತು ಹಂತ. ಹಾಗಾದರೆ ಒಟ್ಟು ಎಷ್ಟು ಬಗೆಯ ಜೋಡಣೆ? ಸಾವಿರ? ಲಕ್ಷ?

38 ಕೋಟಿ 74 ಲಕ್ಷ 20 ಸಾವಿರದ 489! ಅದರಲ್ಲಿ ಒಂದು ಪೂರ್ತಿ ಮೌನ ಅನ್ನಿ, ಒಂಬತ್ತೂ ಸೊನ್ನೆಗೆ ತಳ್ಳಿದಾಗ!

ನಮ್ಮ ಪೇಟಿ ಮಾಸ್ತರರಿಗೆ ಇದು ಹೊಸದೇ? ಬಾಸ್, ಮೇಲ್, ಫೀಮೇಲ್ ಎಂದು ಮೂರು ಸಾಲು ರೀಡುಗಳನ್ನು ಬೇಕಾದಂತೆ ತೆರೆದು ಮುಚ್ಚಿ ದನಿ ಕೂಡಿಸುವವರು ಅವರು. ಅದೇ ಬುದ್ಧಿ, ಕಡ್ಡಿಗಳು ಮಾತ್ರ ಹೆಚ್ಚು!

ಗುಳೇದಗುಡ್ಡ ರೋಡ್ ಸ್ಟೇಷನ್ನಿನಲ್ಲಿ ನಿಲ್ಲದೆ ಓಡುವ ರೈಲಿನ ಸೀಟಿ ಕೇಳಿದ್ದೀರಾ? ಬರುವಾಗ ಏರು, ದಾಟಿದೊಡನೆ ಇಳಿ. ಈ ಚಮತ್ಕಾರವನ್ನೇ ಡಾನ್ ಲೆಸ್ಲಿ ಎಂಬಾತ ಹ್ಯಾಮಂಡ್ ಜೊತೆ ಬಳಸುವ ಸ್ಪೀಕರಿಗಾಗಿ ಒಂದು ಮರದ ಕಪಾಟಿನೊಳಗೆ ಕೂಡಿಹಾಕಿದ! ಸ್ಪೀಕರಿನ ಕಹಳೆ ಗರಗರ ಸುತ್ತುತ್ತದೆ. ದನಿ ನಿಮ್ಮತ್ತ ಬರುತ್ತದೆ, ಹೋಗುತ್ತದೆ, ಬರುತ್ತದೆ. ಜೋರು ಹಾಕಿದರೆ ನಿಮಿಷಕ್ಕೆ ಸುಮಾರು 400 ಸುತ್ತು! ಲಾರೆನ್ಸ್ ಹ್ಯಾಮಂಡನಿಗೆ ಈ ಲೆಸ್ಲಿ ಸ್ಪೀಕರ್ ಕಂಡರೆ ಆಗುತ್ತಿರಲಿಲ್ಲ. ನುಡಿಸುವವರಿಗೋ, ಅದಿಲ್ಲದೆ ನಡೆಯುತ್ತಿರಲಿಲ್ಲ!

ಇನ್ನು ರೋಡ್ಸ್ ಎಂಬ ಎಲೆಕ್ಟ್ರಿಕ್ ಪಿಯಾನೋ. ಇದು ಹುಟ್ಟಿದ್ದೆಲ್ಲಿ? ಆಸ್ಪತ್ರೆಯಲ್ಲಿ! ಎರಡನೇ ಮಹಾಯುದ್ಧದ ಗಾಯಾಳು ಸೈನಿಕರು ಹಾಸಿಗೆ ಬಿಟ್ಟು ಏಳದೆ ಕಲಿಯಲೆಂದು ಹೆರಾಲ್ಡ್ ರೋಡ್ಸ್ ಪುಟಾಣಿ ಪಿಯಾನೋ ಕಟ್ಟಿದರು. ಸ್ವರ ಕೊಟ್ಟದ್ದು ಯಾವುದು? ಬಿ-17 ಬಾಂಬರ್ ವಿಮಾನದ ಅಲ್ಯೂಮಿನಿಯಂ ಕೊಳವೆಗಳು! 29 ಮನೆ, ತೊಡೆಯ ಮೇಲೆ ಕೂರುವಷ್ಟು. ಮುಂದೆ ಅದೇ ಬೆಳೆದು, ತೆಳ್ಳನೆಯ ಉಕ್ಕಿನ ಕಡ್ಡಿಗೆ ಸುತ್ತಿಗೆ ಬೀಳುವ, ಗಂಟೆಯಂಥ ದನಿಯ ರೋಡ್ಸ್ ಆಯಿತು.

ಕೀಬೋರ್ಡು ಬೇರೆ ವಾದ್ಯದ ವೇಷ ಹಾಕುವುದು ನಮ್ಮ ಕಿವಿಗೆ ಹೊಸದಲ್ಲ. ಇಂದಿಗೂ ಮದುವೆಯ ಬ್ಯಾಂಡಿನವರು ಬಿಡದ 1954ರ ‘ನಾಗಿನ್’ ಚಿತ್ರದ ಪುಂಗಿ ನೆನಪಿದೆಯೇ? ಆ ಹಾವಾಡಿಗ ಯಾರು ಗೊತ್ತೇ? ಕಲ್ಯಾಣ್‌ಜೀ! ನುಡಿಸಿದ್ದು ಕ್ಲಾವಿಯೋಲಿನ್ ಎಂಬ ಎಲೆಕ್ಟ್ರಾನಿಕ್ ಕೀಬೋರ್ಡು, ಜೊತೆಗೆ ಇನ್ನೊಬ್ಬರ ಹಾರ್ಮೋನಿಯಂ! ಪುಂಗಿಯೇ ಇಲ್ಲ!

ಈಗ ಅಸಲು ಪ್ರಶ್ನೆ. ಹ್ಯಾಮಂಡ್ ಬಿ-3 ಎಷ್ಟು ತೂಗುತ್ತದೆ? ಕಾಲಿನ ಪೆಡಲು, ಬೆಂಚು ಎಲ್ಲಾ ಸೇರಿ ಸುಮಾರು 190 ಕಿಲೋ! ಲೆಸ್ಲಿಯ ಕಪಾಟು ಬೇರೆ. ನಾಟಕ ಕಂಪನಿಯ ಲಾರಿಗೂ ಬೆವರು ಬರಬೇಕು!

ಯಮಹಾ 2015ರಲ್ಲಿ ತಂದ ರಿಫೇಸ್ ವೈಸಿ ಕೀಬೋರ್ಡ್ ಎಷ್ಟು ತೂಗುತ್ತದೆ? 1.9 ಕಿಲೋ! ನೂರರಲ್ಲಿ ಒಂದು ಪಾಲು! ಒಂಬತ್ತು ಕಡ್ಡಿಗಳು ಇವೆ. ಲೆಸ್ಲಿಯ ಸುತ್ತು ಇದೆ. ಹ್ಯಾಮಂಡ್ ಅಲ್ಲದೆ ವಾಕ್ಸ್, ಫಾರ್ಫಿಸಾ ಥರದ ಹಳೇ ಆರ್ಗನ್ ದನಿಗಳೂ ಇವೆ. ಆರು ಪೆನ್ಸಿಲ್ ಸೆಲ್ ಹಾಕಿದರೆ ಸಾಕು, ಕರೆಂಟು ಹೋದರೂ ಹಾಡು ನಿಲ್ಲದು! ಇದರ ಜೋಡಿ ರಿಫೇಸ್ ಸಿಪಿಯಲ್ಲಿ ರೋಡ್ಸ್, ವುರ್ಲಿಟ್ಜರ್, ಕ್ಲಾವಿನೆಟ್, ಜೊತೆಗೆ ಮಕ್ಕಳ ಆಟಿಕೆ ಪಿಯಾನೋ ಕೂಡ! ಕೊರತೆ ಒಂದೇ: 37 ಮನೆ, ಅವೂ ಕಿರಿದು. ಪೇಟಿ ನುಡಿಸಿದ ದಪ್ಪ ಬೆರಳಿಗೆ ಸಿಟ್ಟು ಬರಬಹುದು.

ದೊಡ್ಡ ಮನೆಗಳೇ ಬೇಕೇ? ಸೆಕೆಂಡ್ ಹ್ಯಾಂಡ್ ಸಿಕ್ಕರೆ ರೋಲ್ಯಾಂಡ್ ವಿಆರ್-09 ಬಿಡಬೇಡಿ. 61 ಮನೆ, ಒಂಬತ್ತು ಕಡ್ಡಿ, ಪಿಯಾನೋ-ಆರ್ಗನ್-ಸಿಂಥ್ ಮೂರೂ ಒಂದೇ ಹಲಗೆಯಲ್ಲಿ, ತೂಕ ಬರೀ 5.5 ಕಿಲೋ! ಹೊಸದೇ ಬೇಕು, ಅಗ್ಗವೂ ಇರಬೇಕು ಅಂದರೆ ಕ್ಯಾಸಿಯೋದ ಸಿಟಿ-ಎಸ್1 ಕೇಳಿ ನೋಡಿ. 61 ಮನೆ, ಇದೂ ಸೆಲ್ ಮೇಲೆ ಓಡುತ್ತದೆ. ತಬಲಾ-ತಾನ್‌ಪುರಾ ಬೇಕೆನ್ನುವವರಿಗೆ ಯಮಹಾ ಪಿಎಸ್‌ಆರ್-ಐ500ರಲ್ಲಿ ರಿಯಾಜ್ ಎಂಬ ಸೌಲಭ್ಯವೇ ಇದೆ. ಆದರೆ ನೂರಾರು ದನಿಗಳಿವೆ ಎಂಬ ಪಟ್ಟಿಗೆ ಮರುಳಾಗಬೇಡಿ. ನಿಮಗೆ ಬೇಕಾದದ್ದು ನಾಲ್ಕು. ಆ ನಾಲ್ಕು ಜೀವಂತ ಇರಬೇಕು!

ಜೀವಂತ ಇದೆಯೋ ಇಲ್ಲವೋ, ಅಂಗಡಿಯಲ್ಲೇ ತಿಳಿಯಬಹುದು. ಎಲೆಕ್ಟ್ರಿಕ್ ಪಿಯಾನೋ ದನಿ ಹಾಕಿ. ಒಂದೇ ಮನೆಯನ್ನು ಮೆಲ್ಲಗೆ ಒತ್ತಿ. ಆಮೇಲೆ ಜೋರಾಗಿ ಹೊಡೆಯಿರಿ. ಬರೀ ಗಟ್ಟಿಯಾಯಿತೇ? ಬೇಡ, ಬಿಡಿ. ಜೋರು ಹೊಡೆದಾಗ ದನಿ ಒರಟಾಗಬೇಕು, ಗದರಬೇಕು!

ಆರ್ಗನ್‌ಗೆ ಬನ್ನಿ. ಒಂದು ಸ್ವರ ಹಿಡಿದು ಬಿಡದೆ ನಿಲ್ಲಿ. ಕ್ಷೀಣಿಸಬಾರದು. ಅದದೇ ತುಣುಕು ಮರುಕಳಿಸಿದಂತೆಯೂ ಕೇಳಬಾರದು. ಈಗ ಲೆಸ್ಲಿಯನ್ನು ನಿಧಾನದಿಂದ ಜೋರಿಗೆ ಹಾಕಿ. ತಟಕ್ಕನೆ ಬದಲಾಯಿತೇ? ನಕಲಿ! ಅಸಲಿ ಕಹಳೆಗೆ ಭಾರವಿದೆ, ಅದು ವೇಗ ಹಿಡಿಯಲು ಹೊತ್ತು ಬೇಕು. ಆ ಏರುವ ಹೊತ್ತಿನಲ್ಲೇ ರಸ ಇರುವುದು. ಮನೆ ಒತ್ತಿದಾಗ ‘ಟಕ್’ ಎಂಬ ಸಣ್ಣ ಸದ್ದು ಬಂದರೆ ದೂರಬೇಡಿ. ಹ್ಯಾಮಂಡ್ ಅದನ್ನು ದೋಷ ಅಂದುಕೊಂಡಿದ್ದ. ಜಗತ್ತು ಅದನ್ನೇ ಮೆಚ್ಚಿತು!

ಇನ್ನು ಕಾಲಿನ ಮಾತು. ಯಾರೂ ಹೇಳದ ಗುಟ್ಟು ಇದು! ಹ್ಯಾಮಂಡ್‌ನಲ್ಲಿ ಬೆರಳು ಎಷ್ಟು ಜೋರು ಒತ್ತಿದರೂ ದನಿ ಅಷ್ಟೇ. ಭಾವ ಬರುವುದು ಬಲಗಾಲ ಪೆಡಲಿನಿಂದ. ಎಲ್ಲೋ ಕೇಳಿದಂತಿದೆಯೇ? ನಾಟಕದ ಕಾಲು ಹಾರ್ಮೋನಿಯಂ! ಕಾಲು ತುಳಿದು ಗಾಳಿ ತುಂಬಿ, ನಾಯಕಿಯ ಅಳುವಿಗೆ ತಗ್ಗಿಸಿ, ಖಳನಾಯಕನ ಪ್ರವೇಶಕ್ಕೆ ಏರಿಸುವ ಆ ಕಾಲು! ಕುಣಿ ಮಗ್ಗದಲ್ಲಿ ಕಾಲಾಡಿಸಿ ಖಣ ನೇಯುವ ಊರಿಗೆ ಇದನ್ನು ಬೇರೆ ಕಲಿಸಬೇಕೇ? ಗದುಗಿನ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳೂ ಹಾರ್ಮೋನಿಯಂ ನುಡಿಸಿದವರು, ನಾಟಕದ ನಂಟಿದ್ದವರು. ಆಶ್ರಮವೇ ನಾಟಕ ಕಂಪನಿ ನಡೆಸುತ್ತಿತ್ತು!

ಅದಕ್ಕೇ ಕೀಬೋರ್ಡಿನ ಬೆನ್ನು ತಿರುಗಿಸಿ ನೋಡಿ. ‘ಎಕ್ಸ್‌ಪ್ರೆಶನ್’ ಪೆಡಲಿನ ರಂಧ್ರ ಇದೆಯೇ? ಅಗ್ಗದವುಗಳಲ್ಲಿ ಹಲವಕ್ಕೆ ‘ಸಸ್ಟೇನ್’ ಒಂದೇ ಇರುತ್ತದೆ. ಮೈಕಿನವರ ಮಿಕ್ಸರಿಗೆ ಹೋಗುವ ದಪ್ಪ ಪಿನ್ನಿನ ಔಟ್‌ಪುಟ್ ಇದೆಯೇ? ಹೆಡ್‌ಫೋನಿನ ತೂತಿನಿಂದ ತಂಬು ತುಂಬುವ ದನಿ ತೆಗೆಯಲು ಹೋದರೆ ಗೊರಗೊರ ಬರಬಹುದು. ಹಳೆಯದು ಕೊಳ್ಳುತ್ತಿದ್ದರೆ ಪ್ರತಿ ಕಡ್ಡಿಯನ್ನೂ ಎಳೆದು ನೋಡಿ, ಜಾತ್ರೆಯ ಧೂಳು ಮೊದಲು ಸೇರುವುದು ಅಲ್ಲಿಗೆ. ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಗುಂಡಿ ಕೈಗೆ ಸುಲಭವಾಗಿ ಸಿಗಬೇಕು. ಹಾಡುವವರು ಕರಿ ಒಂದರಿಂದ ಕರಿ ಎರಡಕ್ಕೆ ಹೋಗೋಣ ಅನ್ನುವುದು ಪರದೆ ಏಳುವಾಗಲೇ!

ಇಷ್ಟಕ್ಕೂ ದುಡ್ಡು ಕೂಡಲಿಲ್ಲವೇ? ಕೊನೆಯ ಬಾಂಬು ನನ್ನ ಹತ್ತಿರ ಇದೆ!

ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಇದೆ ತಾನೇ? ಯುಎಸ್‌ಬಿ ಮಿಡಿ ತೂತಿರುವ ಯಾವುದೇ ಅಗ್ಗದ ಕೀಬೋರ್ಡನ್ನು ಅದಕ್ಕೆ ಜೋಡಿಸಿ. ‘ಸೆಟ್‌ಬಿಫ್ರೀ’ ಎಂಬ ಸಾಫ್ಟ್‌ವೇರ್ ಇಳಿಸಿಕೊಳ್ಳಿ. 91 ಚಕ್ರಗಳ ಆ ಇಡೀ ಹ್ಯಾಮಂಡು, ಸುತ್ತುವ ಲೆಸ್ಲಿ ಸಮೇತ, ಪರದೆಯ ಮೇಲೆ ಎದ್ದು ನಿಲ್ಲುತ್ತದೆ. ಬೆಲೆ ಎಷ್ಟು? ಊಹಿಸಿ!

ಸೊನ್ನೆ! ಪುಕ್ಕಟೆ!

ಬೆರಳಿಗೂ ದನಿಗೂ ನಡುವೆ ತಡ ಅನಿಸಿದರೆ ಆಡಿಯೋ ಸೆಟ್ಟಿಂಗಿನಲ್ಲಿ ಬಫರ್ ಇಳಿಸಿ. ಆಮೇಲೆ ಮೊದಲ ಮೂರು ಕಡ್ಡಿಗಳನ್ನು ಎಂಟಕ್ಕೆ ಎಳೆಯಿರಿ. ಉಳಿದ ಆರೂ ಸೊನ್ನೆ. ಮಂದ್ರ ಸಾ, ಪಾ, ಮಧ್ಯ ಸಾ! ಆರ್ಗನ್ ವಾದಕ ಜಿಮ್ಮಿ ಸ್ಮಿತ್ ಜಾಝ್ ಲೋಕವನ್ನು ಗೆದ್ದದ್ದು ಹೆಚ್ಚಾಗಿ ಈ ಮೂರು ಕಡ್ಡಿಗಳಿಂದಲೇ. ನೀವು ಭೀಮಪಲಾಸಿಯಿಂದ ಶುರುಮಾಡಿ!