ಮಾತಿಗೆ ಬೆಲೆ ಕಟ್ಟುವ ಬಗೆ

ಟೆಲಿಫೋನಿನಲ್ಲಿ ಆಡಿದ ಮಾತು ಒಂದು ತಂತಿಯನ್ನು ಹಿಡಿದುಕೊಂಡು ಇನ್ನೊಂದು ಕೊನೆಯನ್ನು ಮುಟ್ಟುವುದೆಂದು ನಮ್ಮಲ್ಲಿ ಅನೇಕರು ಈಗಲೂ ಭಾವಿಸಿರುವರು. ಹಿಂದಿನ ಸ್ಥಿತಿಯು ಹಾಗೆಯೇ ಇದ್ದಿತು. ಬೆಂಗಳೂರಿನವರು ಧಾರವಾಡದವರೊಡನೆ ಟ್ರಂಕ್ ಕಾಲಿನಲ್ಲಿ ಮಾತಾಡುವಾಗ, ಇಬ್ಬರೂ ಸುಮ್ಮನಿದ್ದರೂ ಆ ದಾರಿಯು ಅವರಿಗಾಗಿಯೇ ಮೀಸಲಾಗಿರುತ್ತಿತ್ತು. ಮೂರನೆಯವನಿಗೆ ಅದರಲ್ಲಿ ಎಡೆಯಿರಲಿಲ್ಲ. ಆದುದರಿಂದ ದೂರವನ್ನೂ ಕಾಲವನ್ನೂ ಅಳೆದು ಹಣ ಕೇಳುವುದು ನ್ಯಾಯವೇ ಆಗಿದ್ದಿತು. ಈಗ ದಾರಿಯು ಬದಲಾಗಿದೆ. ಅಳತೆಯೂ ಅದಕ್ಕೆ ತಕ್ಕಂತೆ ಬದಲಾಗಿದೆಯೆ ಎಂಬುದು ವಿಚಾರಿಸತಕ್ಕ ಪ್ರಶ್ನೆ.

ಇಂಟರ್‌ನೆಟ್ ಮಾರ್ಗದಲ್ಲಿ ಧ್ವನಿಯು ಅಂಚೆಯ ಲಕೋಟೆಗಳಂತೆ ಸಾಗುತ್ತದೆ. ರೂಢಿಯಲ್ಲಿರುವ ಒಂದು ಕ್ರಮದ ಪ್ರಕಾರ, ಯಂತ್ರವು ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆದು ಅಂಕೆಗಳನ್ನಾಗಿ ಮಾರ್ಪಡಿಸಿ, 20 ಮಿಲಿಸೆಕೆಂಡುಗಳ ಮಾತನ್ನು ಒಂದೊಂದು ಪೊಟ್ಟಣವಾಗಿ ಕಟ್ಟುವುದು. ಹೀಗೆ ಸೆಕೆಂಡಿಗೆ 50 ಪೊಟ್ಟಣಗಳು ಹೊರಡುತ್ತವೆ. ಒಂದೊಂದರಲ್ಲಿಯೂ ಮಾತಿನ ಭಾಗ 160 ಬೈಟು, ವಿಳಾಸವೇ ಮೊದಲಾದುವು 40 ಬೈಟು. ಲೆಕ್ಕಹಾಕಿ ನೋಡಿದರೆ, ಒಂದು ಜಿಬಿಯಷ್ಟು ಡೇಟಾದಲ್ಲಿ ಎರಡು ಕಡೆಯ ಮಾತೂ ಸೇರಿ ಸುಮಾರು 14 ಗಂಟೆಗಳ ಸಂಭಾಷಣೆಯು ಹಿಡಿಸುವುದು. ಧ್ವನಿಯನ್ನು ಇನ್ನೂ ಸಂಕ್ಷೇಪಿಸುವ ಕ್ರಮಗಳಲ್ಲಿ ಇದಕ್ಕಿಂತಲೂ ಹೆಚ್ಚು.

ಆದರೆ ಅಂಚೆಗೂ ಇದಕ್ಕೂ ಒಂದು ಭೇದವುಂಟು. ಕಾಗದವು ಒಂದು ದಿನ ತಡವಾಗಿ ಬಂದರೂ ಕಾಗದವೇ. ಮಾತಿನ ಪೊಟ್ಟಣವು ತಡವಾದರೆ ಅದನ್ನು ಬಿಸುಡದೆ ಗತಿಯಿಲ್ಲ. ಒಂದು ಕಡೆಯ ವಿಳಂಬವು 150 ಮಿಲಿಸೆಕೆಂಡುಗಳನ್ನು ಮೀರದಿದ್ದರೆ ಸಂಭಾಷಣೆಯು ಸುಗಮವೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸೂಚನೆ. ಆದ್ದರಿಂದ ಮೊಬೈಲ್ ಕಂಪೆನಿಗಳು 4ಜಿ ಜಾಲದಲ್ಲಿ ಮಾತಿಗೆ ಅಗ್ರಸ್ಥಾನವನ್ನು ಕೊಟ್ಟು ದಾರಿಬಿಡಿಸುತ್ತವೆ. ಇದಕ್ಕೆ ಖರ್ಚಿಲ್ಲವೆಂದು ನಾವು ಹೇಳುವುದಿಲ್ಲ.

ಇನ್ನು ಲೆಕ್ಕದ ವಿಷಯ. ಕರೆಯು ಹೊರಟಾಗ ಕಂಪೆನಿಯ ಯಂತ್ರವು ಕರೆಯಲ್ಪಟ್ಟವನಿರುವ ತಾಣವನ್ನು ಹುಡುಕಿ ಗಂಟೆ ಬಾರಿಸುತ್ತದೆ. ಅವನು ಎತ್ತಿಕೊಂಡ ಕ್ಷಣವನ್ನೂ ಇಟ್ಟ ಕ್ಷಣವನ್ನೂ ದಾಖಲೆಯಲ್ಲಿ ಬರೆದುಕೊಳ್ಳುತ್ತದೆ. ಬಿಲ್ಲು ಹುಟ್ಟುವುದು ಆ ದಾಖಲೆಯಿಂದ. ವಾಟ್ಸಾಪ್‌ನಂಥವುಗಳಲ್ಲಿಯಾದರೋ ನಿಮಿಷದ ಲೆಕ್ಕವೇ ಇಲ್ಲ. ಬಳಸಿದ ಡೇಟಾ ಮಾತ್ರ ಲೆಕ್ಕಕ್ಕೆ ಬರುವುದು.

ಒಂದು ಕಂಪೆನಿಯ ಗಿರಾಕಿಯು ಇನ್ನೊಂದರ ಗಿರಾಕಿಯನ್ನು ಕರೆದಾಗ, ಮೊದಲನೆಯದು ಎರಡನೆಯದಕ್ಕೆ ಶುಲ್ಕ ತೆರುವ ಪದ್ಧತಿಯು ನಮ್ಮ ದೇಶದಲ್ಲಿ ಬಹುಕಾಲ ನಡೆಯಿತು. ಮೊಬೈಲ್ ಕರೆಗಳಿಗೆ 2015ರಲ್ಲಿ ಅದು ನಿಮಿಷಕ್ಕೆ 14 ಪೈಸೆ, 2017ರ ಅಕ್ಟೋಬರ್ 1ರಿಂದ 6 ಪೈಸೆ, 2021ರ ಜನವರಿ 1ರಿಂದ ಸೊನ್ನೆ. ಈ ಆರು ಪೈಸೆಯು ಹುಟ್ಟಿಸಿದ ಜಗಳವು ಸಾಮಾನ್ಯವಾದುದಲ್ಲ. ಗಂಟೆಯನ್ನು ಬೇಗ ನಿಲ್ಲಿಸಿಬಿಟ್ಟರೆ ಕರೆಯಲ್ಪಟ್ಟವನೇ ತಿರುಗಿ ಕರೆಯುವನು. ಆಗ ಶುಲ್ಕವು ಎದುರಾಳಿಯ ತಲೆಗೆ! ಇಂಥ ಆಪಾದನೆಗಳು 2019ರಲ್ಲಿ ಎದ್ದುದರಿಂದ, ಮೊಬೈಲಿಗೆ 30 ಸೆಕೆಂಡು, ಸ್ಥಿರ ದೂರವಾಣಿಗೆ 60 ಸೆಕೆಂಡು ಗಂಟೆ ಬಾರಿಸತಕ್ಕದ್ದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ವಿಧಿಸಬೇಕಾಯಿತು. ಪೈಸೆಯ ಲೆಕ್ಕದಲ್ಲಿ ಗಂಟೆಯ ಸದ್ದಿಗೂ ಕಾನೂನು ಬೇಕಾದ ಕಾಲವಿದು.

ಪರದೇಶದ ಕರೆಗಳ ಶುಲ್ಕವು ಮಾತ್ರ ಉಳಿಯಿತು. ಅದನ್ನು ತಪ್ಪಿಸುವುದಕ್ಕಾಗಿ ಕಳ್ಳ ವಿನಿಮಯ ಕೇಂದ್ರಗಳು ಹುಟ್ಟಿಕೊಂಡಿವೆ: ಪರದೇಶದ ಮಾತನ್ನು ಇಂಟರ್‌ನೆಟ್ಟಿನಲ್ಲಿ ತರಿಸಿ, ನೂರಾರು ಸಿಮ್‌ಗಳನ್ನು ತುಂಬಿದ ಪೆಟ್ಟಿಗೆಯೊಳಗಿಂದ ಸ್ಥಳೀಯ ಕರೆಯೆಂಬಂತೆ ಹೊರಬಿಡುವುದೇ ಇವುಗಳ ಉಪಾಯ. ಬೆಂಗಳೂರಿನಲ್ಲಿಯೂ ಪೊಲೀಸಿನವರು ಇಂಥವನ್ನು ಹಿಡಿದಿರುವರು. ಬೊಕ್ಕಸಕ್ಕೆ ನಷ್ಟವಾಗುವುದಲ್ಲದೆ, ಕರೆದವನು ಯಾರೆಂಬುದೂ ಮರೆಯಾಗುವುದರಿಂದ ಇದು ಪ್ರಜೆಗಳ ಕ್ಷೇಮಕ್ಕೂ ಸಂಬಂಧಿಸಿದ ವಿಷಯ.

ಆದರೆ ನಮ್ಮ ಮುಖ್ಯ ಕಳಕಳಿಯು ಬಡ ಗಿರಾಕಿಯದು. ಮಾತೊಂದೇ ಸಾಕೆನ್ನುವ ಹಳ್ಳಿಯ ಮುದುಕಿಯೂ ಬೇಡದ ಡೇಟಾದ ಮೂಟೆಯನ್ನು ಬಹುಕಾಲ ಕೊಳ್ಳಬೇಕಾಯಿತು. ಕಡೆಗೆ 2024ರ ಡಿಸೆಂಬರಿನಲ್ಲಿ ಪ್ರಾಧಿಕಾರವು ಮಾತು ಮತ್ತು ಎಸ್ಸೆಮ್ಮೆಸ್ಸಿಗೆ ಮಾತ್ರ ಪ್ರತ್ಯೇಕ ರೀಚಾರ್ಜು ಇರತಕ್ಕದ್ದೆಂದು ನಿಯಮ ಮಾಡಿತು. ನಿಯಮವು ಸ್ತುತ್ಯವಾದುದೇ. ಆದರೆ ಅಂಥದೊಂದು ಉಂಟೆಂದು ಆಕೆಗೆ ಹೇಳುವವರು ಯಾರು? ಹೆಚ್ಚು ಬೆಲೆಯದನ್ನು ಮುಂದೆಯೂ ಕಡಿಮೆಯದನ್ನು ಹಿಂದೆಯೂ ಇಡುವುದು ವ್ಯಾಪಾರದ ಸ್ವಭಾವ. ಮೇಲಾಗಿ, ಸುಮಾರು 14 ಗಂಟೆಗಳ ಮಾತು ಒಂದು ಜಿಬಿಯಲ್ಲಿ ಅಡಗುವಾಗ, ಬರಿಯ ಮಾತಿಗೆ ಕೇಳುವ ಬೆಲೆಯು ಡೇಟಾಸಹಿತವಾದ ಬೆಲೆಯ ಸಮೀಪದಲ್ಲಿಯೇ ಇದ್ದರೆ ನಿಯಮದ ಫಲವೇನು?

ಆದುದರಿಂದ ನಾವು ಕೋರುವುದಿಷ್ಟು. ಮಾತಿನ ದರವನ್ನು ಪ್ರತಿಯೊಂದು ರೀಚಾರ್ಜು ಅಂಗಡಿಯಲ್ಲಿಯೂ ಕನ್ನಡದಲ್ಲಿ, ಎಲ್ಲರಿಗೂ ಕಾಣುವಂತೆ ಬರೆದು ತೂಗುಹಾಕಲಿ. ಆ ದರಕ್ಕೂ ನಿಜವಾದ ಖರ್ಚಿಗೂ ಇರುವ ಸಂಬಂಧವನ್ನು ಪ್ರಾಧಿಕಾರವು ಪರಿಶೀಲಿಸಿ ಪ್ರಕಟಿಸಲಿ. ಓದುಬಲ್ಲ ನಮ್ಮ ವಾಚಕರು ತಮ್ಮ ಮನೆಯ ಹಿರಿಯರ ರೀಚಾರ್ಜನ್ನು ಒಮ್ಮೆ ನೋಡಲಿ. ಧ್ವನಿಯು ಪೊಟ್ಟಣವಾದುದರಿಂದ ಉಂಟಾದ ಉಳಿತಾಯದಲ್ಲಿ ಆಡುವವರಿಗೂ ಒಂದು ಪಾಲು ಸಲ್ಲತಕ್ಕದ್ದು.