ಸೋಡಾ ಚೀಲದಲ್ಲಿ ಯಾಕೆ ಬರುವದಿಲ್ಲ?

ಹಾಲು ಚೀಲದಲ್ಲಿ ಬರುತ್ತದೆ; ಮಜ್ಜಿಗೆಯೂ ಅಡಿಗೆಯ ಎಣ್ಣೆಯೂ ಚೀಲದಲ್ಲಿಯೇ ಬರುತ್ತವೆ; ಸೋಡಾ ಮಾತ್ರ ಯಾಕೆ ಬರುವದಿಲ್ಲವೆಂದು ಎಂಟನೆಯ ತರಗತಿಯ ಬಾಲಿಕೆಯೊಬ್ಬಳು ಒಂದು ದಿನ ನಮ್ಮನ್ನು ಕೇಳಿದಳು. ಅವಳ ತಂದೆಯವರು ಸಣ್ಣದೊಂದು ಸೋಡಾ ಅಂಗಡಿಯನ್ನು ನಡಿಸುವವರು. ಸೀಸೆಗಳು ಒಡೆದು ಆಗುವ ನಷ್ಟವನ್ನೂ ಅವುಗಳನ್ನು ತೊಳೆಯುವ ಕಷ್ಟವನ್ನೂ ಅವಳು ದಿನವೂ ಕಂಡವಳು. ಚೀಲದಲ್ಲಿ ತುಂಬಿ ಮಾರುವದಾದರೆ ಖರ್ಚು ಎಷ್ಟೋ ತಗ್ಗುವದಲ್ಲವೇ ಎಂಬದು ಅವಳ ಯೋಚನೆ. "ಚೀಲ ಒಡೆದುಹೋಗುತ್ತದೆ" ಎಂದು ನಾವು ಆಗ ಕೊಟ್ಟ ಉತ್ತರವು ಸುಳ್ಳಲ್ಲ. ಆದರೆ ಅದು ಸಾಲುವ ಉತ್ತರವೂ ಅಲ್ಲ. ಯಾಕಂದರೆ ಅಂಗಡಿಗಳಲ್ಲಿ ಮಾರುವ ಪ್ಲಾಸ್ಟಿಕ್ ಸೋಡಾ ಸೀಸೆಯ ಗೋಡೆಯು ಹೆಚ್ಚು ಕಡಿಮೆ ಅಂಚೆಯ ಕಾರ್ಡಿನಷ್ಟೇ ದಪ್ಪವುಳ್ಳದ್ದು. ಖಾಲಿಯಾದ ಮೇಲೆ ಅದನ್ನು ಚಿಕ್ಕ ಮಗುವೂ ಹಿಸುಕಬಹುದು. ಅದು ಒಡೆಯದೆ ನಿಲ್ಲುವದಾದರೆ ಚೀಲವು ಒಡೆಯುವದೇಕೆ? ಈ ಪ್ರಶ್ನೆಯನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಿಸುವದು ಈ ಲೇಖನದ ಉದ್ದೇಶವು.

ಸೋಡಾದಲ್ಲಿರುವದು ನೀರೂ ಅಂಗಾರಾಮ್ಲವಾಯುವೂ. ಈಗಿನ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಇಂಗಾಲದ ಡೈಆಕ್ಸೈಡ್ ಎಂದು ಹೆಸರು. ಒತ್ತಡವು ಹೆಚ್ಚಿದಷ್ಟೂ ನೀರಿನಲ್ಲಿ ಹೆಚ್ಚು ವಾಯು ಕರಗುವದೆಂಬ ನಿಯಮವನ್ನು ವಿಲಿಯಂ ಹೆನ್ರಿ ಎಂಬ ಇಂಗ್ಲಿಷ್ ವಿದ್ವಾಂಸನು 1803ರಲ್ಲಿ ಪ್ರಕಟಿಸಿದನು. ಕೋಲಾದಂಥ ಪಾನೀಯದ ಒಂದು ಲೀಟರಿನಲ್ಲಿ ಸುಮಾರು ನಾಲ್ಕು ಲೀಟರು ವಾಯು ಅಡಗಿರುತ್ತದೆ. ತೂಕದಲ್ಲಿ ಅದು ಎಂಟು ಗ್ರಾಮಿನಷ್ಟು ಮಾತ್ರವೇ. ಮುಚ್ಚಳವಿರುವ ತನಕ ಇದು ನೀರಿನೊಳಗೆ ಇರುವದು. ಆದರೆ ಸುಮ್ಮನೆ ಇರುವದಿಲ್ಲ, ಎಲ್ಲ ಕಡೆಗೂ ನೂಕುತ್ತಲೇ ಇರುವದು. ಶೀತಪೆಟ್ಟಿಗೆಯಲ್ಲಿ ಈ ನೂಕುವಿಕೆಯು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋಗ್ರಾಮ್. ನಮ್ಮ ಕೋಣೆಗಳ ಉಷ್ಣತೆಯಲ್ಲಿ ಸುಮಾರು 4. ಬಿಸಿಲಿನಲ್ಲಿ ನಿಂತ ಲಾರಿಯಲ್ಲಿ 6 ಕಿಲೋಗ್ರಾಮನ್ನೂ ಮುಟ್ಟುವದುಂಟು. ಮೋಟಾರು ಕಾರಿನ ಚಕ್ರದಲ್ಲಿ ತುಂಬುವ ಗಾಳಿಯ ಒತ್ತಡವು 2 ಕಿಲೋಗ್ರಾಮಿಗೆ ಸ್ವಲ್ಪ ಮಿಕ್ಕಿರುವದೆಂಬದನ್ನು ನೆನೆದರೆ ಸೋಡಾ ಸೀಸೆಯ ಪಾಡು ತಿಳಿದೀತು.

ವಾಯುವನ್ನು ಹುಟ್ಟಿಸುವ ಪಾನೀಯವನ್ನು ಮೆತ್ತನೆಯ ಪಾತ್ರೆಯಲ್ಲಿ ಇಡುವ ಪ್ರಯತ್ನವು ಹೊಸದಲ್ಲ. ಹೊಸ ದ್ರಾಕ್ಷಾರಸವನ್ನು ಹಳೆಯ ಬುದ್ದಲಿಯಲ್ಲಿ ತುಂಬಬಾರದೆಂದು ಸುವಾರ್ತೆಯಲ್ಲಿ ಓದಿದ ನಮ್ಮ ಬಾಲಿಕೆಯರು ಅದರ ಕಾರಣವನ್ನು ವಿಚಾರಿಸಿರಲಾರರು. ಹುಳಿಯೇರುತ್ತಿರುವ ರಸದಿಂದ ಹುಟ್ಟುವದು ಈ ಅಂಗಾರಾಮ್ಲವಾಯುವೇ. ಹೊಸ ಚರ್ಮವು ಹಿಗ್ಗಿ ಅದಕ್ಕೆ ಎಡೆಗೊಡುವದು. ಹಳೆಯದು ಬಿರುಸಾಗಿ ಹಿಗ್ಗಲಾರದೆ ಬಿರಿಯುವದು. ಆ ಕಾಲದ ಜನರಿಗೆ ವಾಯುವಿನ ಹೆಸರು ತಿಳಿಯದಿದ್ದರೂ ಬುದ್ದಲಿಯ ಗುಣವು ಚೆನ್ನಾಗಿ ತಿಳಿದಿತ್ತು. ಬಹು ಕಾಲದ ತರುವಾಯ, 1767ರಲ್ಲಿ, ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಬೋಧಕನಾಗಿದ್ದ ಜೋಸೆಫ್ ಪ್ರೀಸ್ಟ್ಲಿಯು ನೆರೆಯ ಬಿಯರ್ ಕಾರ್ಖಾನೆಯ ತೊಟ್ಟಿಗಳ ಮೇಲೆ ನಿಲ್ಲುವ ವಾಯುವನ್ನು ನೀರಿಗೆ ಸೇರಿಸಿ ಮೊದಲನೆಯ ಸೋಡಾ ನೀರನ್ನು ಮಾಡಿದನು. 1772ರಲ್ಲಿ ಅವನು ಅಚ್ಚು ಹಾಕಿಸಿದ ಚಿಕ್ಕ ಪುಸ್ತಕದಲ್ಲಿ ವರ್ಣಿಸಿದ ಉಪಕರಣದೊಳಗೆ ವಾಯುವನ್ನು ಹಿಸುಕಿ ಕಳುಹಿಸುವದಕ್ಕೆ ಪ್ರಾಣಿಯ ಮೂತ್ರಕೋಶದ ಚೀಲವೊಂದಿತ್ತು. ಆ ಚೀಲದಿಂದ ನೀರಿಗೆ ಕೆಟ್ಟ ರುಚಿ ಹತ್ತುವದೆಂದು ನೂತ್ ಎಂಬ ವೈದ್ಯನು ಆಕ್ಷೇಪಿಸಿ, ಕೆಲವೇ ವರ್ಷಗಳಲ್ಲಿ ಎಲ್ಲವೂ ಗಾಜಿನದೇ ಆದ ಉಪಕರಣವನ್ನು ಕಲ್ಪಿಸಿದನು. ಹೀಗೆ ಸೋಡಾವು ಚೀಲವನ್ನು ಬಿಟ್ಟು ಗಾಜನ್ನು ಹಿಡಿಯಿತು.

ನಮ್ಮ ಊರುಗಳ ಗೋಲಿ ಸೀಸೆಯು ಇಂಗ್ಲಿಷ್ ಯಂತ್ರಶಿಲ್ಪಿಯಾದ ಹೈರಮ್ ಕಾಡ್ ಎಂಬವನ ಕಲ್ಪನೆ. 1872ರಲ್ಲಿ ಅವನು ಅದರ ಹಕ್ಕುಪತ್ರವನ್ನು ಪಡೆದನು. ಸೀಸೆಯನ್ನು ತಲೆಕೆಳಗಾಗಿ ಹಿಡಿದು ತುಂಬಿದಾಗ ಗೋಲಿಯು ಕುತ್ತಿಗೆಗೆ ಬಂದು ರಬ್ಬರಿನ ಬಳೆಗೆ ಒತ್ತಿಕೊಳ್ಳುವದು. ನೆಟ್ಟಗೆ ನಿಲ್ಲಿಸಿದ ಮೇಲೂ ಒಳಗಿನ ವಾಯುವೇ ಅದನ್ನು ಕೆಳಗೆ ಬೀಳಗೊಡದು. ಹೊರಗೆ ಬರಲು ಹವಣಿಸುವ ಕೈದಿಯಿಂದಲೇ ಬಾಗಿಲನ್ನು ಕಾಯಿಸಿದ ಈ ಉಪಾಯವನ್ನು ನಾವು ಎಷ್ಟು ಮೆಚ್ಚಿದರೂ ಸಾಲದು. ಆದರೆ ಗಾಜು ಹಿಗ್ಗುವದಿಲ್ಲ. ಬಿರುಕು ಬಿಟ್ಟ ಸೀಸೆಯು ಬೇಸಿಗೆಯಲ್ಲಿ ಸಿಡಿದರೆ ಚೂರುಗಳು ಕೈಯನ್ನೂ ಕಣ್ಣನ್ನೂ ನೋಡುವದಿಲ್ಲ. ಮೇಲೆ ಹೇಳಿದ ಬಾಲಿಕೆಯ ತಂದೆಯವರ ಎಡಗೈಯ ಮೇಲೆ ಅಂಥ ಗಾಯದ ಗುರುತು ಈಗಲೂ ಇದೆ. ಅವಳ ಪ್ರಶ್ನೆಯ ಹಿಂದೆ ಖರ್ಚಿನ ಯೋಚನೆ ಮಾತ್ರವಲ್ಲ, ಇದೂ ಇತ್ತೆಂದು ನಮಗೆ ಆಮೇಲೆ ತಿಳಿಯಿತು.

ಈಗ ಚೀಲಕ್ಕೆ ಬರೋಣ. ಅರ್ಧ ಲೀಟರು ಹಾಲಿನ ಚೀಲವು ಸುಮಾರು 12 ಸೆಂಟಿಮೀಟರು ಅಗಲ, 16 ಸೆಂಟಿಮೀಟರು ಉದ್ದವುಳ್ಳದ್ದೆಂದು ಇಟ್ಟುಕೊಳ್ಳೋಣ. ಅದರಲ್ಲಿ ಸೋಡಾ ತುಂಬಿದರೆ ಒಂದೊಂದು ಮೈಯ ಮೇಲೂ ಏಳೂವರೆ ಕ್ವಿಂಟಲಿನಷ್ಟು ಭಾರವು ಒಳಗಿನಿಂದ ಬೀಳುವದು. ಹಾಲು ಹೀಗೆ ನೂಕುವದಿಲ್ಲ. ಅದು ತನ್ನ ತೂಕದಿಂದ ಜೋಲುವದು, ಅಷ್ಟೇ. ಸುಮಾರು 0.05 ಮಿಲಿಮೀಟರು ದಪ್ಪದ ಪಾಲಿಥೀನ್ ಪೊರೆಯು ಹಾಲಿಗೆ ಸಾಕು, ಸೋಡಾಕ್ಕೆ ಎಷ್ಟು ಮಾತ್ರವೂ ಸಾಲದು.

ಹೆಚ್ಚು ಗಟ್ಟಿಯಾದ ಪೊರೆಯನ್ನು ಹಾಕೋಣವೆಂದರೆ ಎರಡನೆಯ ತೊಡಕು ಎದುರಾಗುವದು. ಪೂರಿಯನ್ನು ಕರಿಯುವಾಗ ನೋಡಿರಿ. ಚಪ್ಪಟೆಯಾಗಿ ಬಿದ್ದ ಹಿಟ್ಟು ಒಳಗಿನ ಉಗಿಯಿಂದ ಗುಂಡಗಾಗಲು ಬಯಸುವದು. ಒಳಗಿನಿಂದ ಒತ್ತುವ ವಾಯುವಿಗೆ ಗೋಳವು ಪ್ರಿಯ. ಗೋಳವಾಗದಿದ್ದರೆ ಉರುಳೆಯಾದರೂ ಆಗಬೇಕು. ಮಟ್ಟಸವಾದ ಮೈಯೂ ಚೂಪಾದ ಮೂಲೆಯೂ ಅದಕ್ಕೆ ಆಗುವದೇ ಇಲ್ಲ. ಎರಡು ಹಾಳೆಗಳನ್ನು ಅಂಚಿನಲ್ಲಿ ಬೆಸೆದು ಮಾಡಿದ ಚೀಲವು ಉಬ್ಬಿದಾಗ ನಡುವು ದುಂಡಗಾಗಿ, ನಾಲ್ಕು ಮೂಲೆಗಳು ಕಿವಿಗಳಂತೆ ನಿಂತು, ಅಂಚಿನಲ್ಲಿ ಸುಕ್ಕುಗಳು ಬೀಳುವವು. ಆಗ ಎರಡು ಹಾಳೆಗಳೂ ಬೆಸುಗೆಯ ಒಳಗೆರೆಯಿಂದ ಒಂದು ಈ ಕಡೆಗೆ, ಇನ್ನೊಂದು ಆ ಕಡೆಗೆ ಎಳೆಯುವವು. ಲಕೋಟೆಗೆ ಅಂಟಿಸಿದ ಅಂಚೆಚೀಟಿಯನ್ನು ಕಾಗದದ ಮೇಲೆಯೇ ಪಕ್ಕಕ್ಕೆ ಜಾರಿಸಲು ಯಾರಿಂದಲೂ ಆಗದು. ತುದಿಯನ್ನು ಎತ್ತಿ ಸುಲಿದರೆ ಸುಲಭವಾಗಿ ಬರುವದು. ಚೀಲದ ಬೆಸುಗೆಯು ಸುಲಿಯಲ್ಪಡುವ ಸ್ಥಿತಿಯಲ್ಲಿರುವದು. ಅದರ ಬಲವೆಲ್ಲಾ ಒಂದು ಗೆರೆಯ ಮೇಲೆ ನಿಂತಿರುವದು.

ಇದನ್ನು ನಾವು ಕಣ್ಣಾರೆ ನೋಡಿದೆವು. ಒಂದೇ ಪೊರೆಯಿಂದ ಒಂದು ಅಗಲವಾದ ಚೀಲವನ್ನೂ, ಐಸ್ ಕ್ಯಾಂಡಿಯ ಕೊಳವೆಯಂಥ ಸಪೂರವಾದ ಇನ್ನೊಂದನ್ನೂ ಮೇಣದ ಬತ್ತಿಯ ಉರಿಯಲ್ಲಿ ಬೆಸೆದು, ಎರಡರಲ್ಲಿಯೂ ಅಡಿಗೆ ಸೋಡಾವನ್ನೂ ನಿಂಬೆಯ ರಸವನ್ನೂ ಸೇರಿಸಿ ನೀರಿನ ಬಕೆಟಿನಲ್ಲಿ ಮುಳುಗಿಸಿ ದೂರ ನಿಂತೆವು. ಅಗಲವಾದ ಚೀಲದ ಬೆಸುಗೆಯು ಮೂಲೆಯ ಬಳಿಯಲ್ಲಿ ಮೊದಲು ಬಿಚ್ಚಿಕೊಂಡಿತು; ಪೊರೆಯು ಹಿಗ್ಗಿತ್ತೇ ಹೊರತು ಎಲ್ಲಿಯೂ ಹರಿದಿರಲಿಲ್ಲ. ಸಪೂರವಾದ ಕೊಳವೆಯು ಕಲ್ಲಿನಂತೆ ಬಿಗಿದು ಬಹಳ ಹೊತ್ತು ನಿಂತಿತು. (ಈ ಆಟವನ್ನು ಮುಚ್ಚಿದ ಗಾಜಿನ ಸೀಸೆಯಲ್ಲಿ ಯಾರೂ ಆಡಬಾರದು.)

ಸಪೂರವಾದದ್ದು ನಿಂತದ್ದೇಕೆಂದರೆ, ಉರುಳೆಯ ಗೋಡೆಯಲ್ಲಿ ಸುತ್ತಲೂ ಬೀಳುವ ಎಳೆತವು ಒತ್ತಡವನ್ನು ಉರುಳೆಯ ತ್ರಿಜ್ಯದಿಂದ ಗುಣಿಸಿದಷ್ಟು. 12 ಸೆಂಟಿಮೀಟರು ಅಗಲದ ಚೀಲವು ಉರುಳೆಯಾಗಿ ಉಬ್ಬಿದರೆ ತ್ರಿಜ್ಯವು ನಾಲ್ಕು ಸೆಂಟಿಮೀಟರಿಗೆ ತುಸು ಕಡಿಮೆ. ಸೋಡಾದ ಒತ್ತಡದಲ್ಲಿ ಒಂದೊಂದು ಸೆಂಟಿಮೀಟರು ಬೆಸುಗೆಯನ್ನು ಸುಮಾರು 15 ಕಿಲೋಗ್ರಾಮ್ ಎಳೆಯುವದು. ಮೂರು ಸೆಂಟಿಮೀಟರು ಅಗಲದ ಕೊಳವೆಯಲ್ಲಾದರೆ ನಾಲ್ಕು ಕಿಲೋಗ್ರಾಮ್ ಮಾತ್ರ. ಉದ್ದಕ್ಕೆ ಬೀಳುವ ಎಳೆತವು ಸುತ್ತಲಿನದಕ್ಕೆ ಅರ್ಧದಷ್ಟೇ. ಆದಕಾರಣ ಬಲವನ್ನು ಸುತ್ತಲೂ ಹೆಚ್ಚಾಗಿ, ಉದ್ದಕ್ಕೆ ಕಡಿಮೆಯಾಗಿ ಹಂಚಬೇಕು. ಮೆತ್ತನೆಯ ಪಾತ್ರೆಯನ್ನು ಕಲ್ಪಿಸುವವನಿಗೆ ಈ ಲೆಕ್ಕಕ್ಕಿಂತ ಮುಖ್ಯವಾದದ್ದು ಬೇರೊಂದಿಲ್ಲ.

ಈ ಲೆಕ್ಕವನ್ನು ಪ್ಲಾಸ್ಟಿಕ್ಕಿನಲ್ಲಿ ಸಾಧಿಸಿದವನು ಅಮೇರಿಕದ ಡ್ಯೂಪಾಂಟ್ ಕಂಪೆನಿಯ ಯಂತ್ರಶಿಲ್ಪಿ ನಥಾನಿಯೆಲ್ ವೈಯತ್. ಪ್ರಸಿದ್ಧ ಚಿತ್ರಕಾರನಾದ ಆಂಡ್ರೂ ವೈಯತನ ಅಣ್ಣನು ಇವನು. ಸಾಬೂನು ದ್ರವದ ಪ್ಲಾಸ್ಟಿಕ್ ಸೀಸೆಯೊಂದರಲ್ಲಿ ಶುಂಠಿಯ ಸೋಡಾವನ್ನು ತುಂಬಿ ಅವನು ರಾತ್ರಿ ಶೀತಪೆಟ್ಟಿಗೆಯಲ್ಲಿಟ್ಟನಂತೆ. ಬೆಳಿಗ್ಗೆ ನೋಡಿದರೆ ಅದು ಊದಿಕೊಂಡು ತಟ್ಟೆಗಳ ನಡುವೆ ಸಿಕ್ಕಿಬಿದ್ದಿತ್ತು. ನೈಲಾನ್ ನೂಲನ್ನು ಎಳೆದರೆ ಅದರ ಅಣುಗಳು ಸಾಲಾಗಿ ನಿಂತು ನೂಲು ಬಲಗೊಳ್ಳುವದೆಂದು ಅವನು ಬಲ್ಲವನಾಗಿದ್ದನು. ಸೀಸೆಯನ್ನೋ ಎರಡು ದಿಕ್ಕಿಗೂ ಎಳೆಯಬೇಕು. ಹಲವು ಸೋಲುಗಳ ತರುವಾಯ ಅವನು ಪೆಟ್ ಎಂಬ ಪದಾರ್ಥದಿಂದ ಇದನ್ನು ಸಾಧಿಸಿ 1973ರಲ್ಲಿ ಹಕ್ಕುಪತ್ರವನ್ನು ಪಡೆದನು. ಈ ಪದಾರ್ಥವನ್ನು 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್, ಡಿಕ್ಸನ್ ಎಂಬಿಬ್ಬರು ಕಂಡುಹಿಡಿದದ್ದು ಬಟ್ಟೆಗಾಗಿ; ನಮ್ಮ ಪಾಲಿಯೆಸ್ಟರ್ ಸೀರೆಯೂ ಸೋಡಾ ಸೀಸೆಯೂ ಒಂದೇ ತಾಯಿಯ ಮಕ್ಕಳು.

ಕಾರ್ಖಾನೆಯಲ್ಲಿ ಮೊದಲು ಪ್ರಯೋಗಶಾಲೆಯ ಪರೀಕ್ಷಾನಳಿಕೆಯಂಥ ದಪ್ಪನೆಯ ಕೊಳವೆಯನ್ನು ಎರಕ ಹೊಯ್ಯುವರು. ಮುಚ್ಚಳವನ್ನು ತಿರುಗಿಸುವ ಸುರುಳಿಗೆರೆಗಳು ಅದರಲ್ಲಿ ಆಗಲೇ ಇರುವವು. ಅದನ್ನು ಸುಮಾರು 100 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿ, ಒಳಗೆ ಸರಳನ್ನು ಹೊಗಿಸಿ ಉದ್ದಕ್ಕೆ ಎಳೆದು, ಗಾಳಿಯನ್ನು ಊದಿ ಅಡ್ಡಕ್ಕೆ ಹಿಗ್ಗಿಸುವರು. ಸೋಡಾವನ್ನು ತುಂಬಿದ ಮೇಲೆ ವಾಯುವಿನ ಒತ್ತಡವೇ ಈ ತೆಳು ಗೋಡೆಯನ್ನು ಬಿಗಿಗೊಳಿಸುವದು. ಬಿರಟೆಯನ್ನು ತೆಗೆದ ಕ್ಷಣವೇ ಸೀಸೆಯು ಕೈಯಲ್ಲಿ ಮೆತ್ತಗಾಗುವದನ್ನು ಎಲ್ಲರೂ ಬಲ್ಲರು. ಆದುದರಿಂದ ಅದನ್ನು ಬೆಸುಗೆಯಿಲ್ಲದ, ದುಂಡಗಿನ, ಉಬ್ಬಿಯೇ ನಿಲ್ಲುವ ಚೀಲವೆಂದು ಕರೆದರೂ ತಪ್ಪಾಗದೆಂದು ನಮ್ಮ ಅಭಿಪ್ರಾಯ. ಅವಳು ಕೇಳಿದ ಚೀಲವು ಈ ವೇಷದಲ್ಲಿ ಅಂಗಡಿಗೆ ಬಂದೇ ಇದೆ.

ಅದರ ತಳವನ್ನು ತಿರುಗಿಸಿ ನೋಡಿರಿ. ತಳದ ನಡುವೆ ಪದಾರ್ಥವು ಸಾಕಷ್ಟು ಎಳೆಯಲ್ಪಡದೆ ದುರ್ಬಲವಾಗಿ ಉಳಿಯುವದು. ತಳವನ್ನು ಮಟ್ಟಸ ಮಾಡಿದರೆ ವಾಯುವು ಅದನ್ನು ಹೊರಕ್ಕೆ ಉಬ್ಬಿಸುವದು, ಸೀಸೆಯು ಬುಗುರಿಯಂತೆ ಉರುಳುವದು. ಮೊದಲಿನ ದೊಡ್ಡ ಸೀಸೆಗಳಿಗೆ ಅರ್ಧಗೋಳದ ತಳವನ್ನಿಟ್ಟು, ನಿಲ್ಲುವದಕ್ಕೆ ಬೇರೊಂದು ಪ್ಲಾಸ್ಟಿಕ್ ಬಟ್ಟಲನ್ನು ತೊಡಿಸಿದ್ದರು. ಆಮೇಲೆ ಹೂವಿನ ದಳಗಳಂಥ ಐದು ಕಾಲುಗಳ ತಳವು ಬಂದಿತು; ಕಾಲುಗಳ ನಡುವಣ ಪಟ್ಟಿಗಳನ್ನು ಕಣ್ಣಿನಲ್ಲಿ ಕೂಡಿಸಿದರೆ ಹಳೆಯ ಅರ್ಧಗೋಳವೇ ಕಾಣುವದು. ಮುಚ್ಚಳದ ಒಳಗೆರೆಗಳನ್ನು ಅಲ್ಲಲ್ಲಿ ಕಡಿದಿರುವದೂ ಸುಮ್ಮನೆ ಅಲ್ಲ: ಮುಚ್ಚಳವು ಪೂರ್ಣವಾಗಿ ಕಳಚುವ ಮೊದಲೇ ವಾಯುವು ಆ ಸಂದುಗಳಿಂದ ಹೊರಟುಹೋಗಬೇಕು, ಇಲ್ಲವಾದರೆ ಮುಚ್ಚಳವೇ ಗುಂಡಿನಂತೆ ಹಾರಿ ತೆರೆಯುವವನ ಕಣ್ಣಿಗೆ ಬಡಿದೀತು.

ಇನ್ನು ಸೋರಿಕೆಯ ಮಾತು. ತೂತಿಲ್ಲದ ಪ್ಲಾಸ್ಟಿಕ್ಕಿನ ಮೂಲಕವೂ ಈ ವಾಯುವು ಮೆಲ್ಲಗೆ ನುಸಿಯುವದು. ಹಾಲಿನ ಚೀಲದ ಪಾಲಿಥೀನಿನಲ್ಲಿ ಅದು ಪೆಟ್ಟಿಗಿಂತ ಹತ್ತಾರು ಪಟ್ಟು ಬೇಗನೆ ಹೊರಡುವದು. ಪಾನೀಯದ ಅಳತೆಗೆ ಹೋಲಿಸಿದರೆ ಚಿಕ್ಕ ಸೀಸೆಗೆ ಮೈಯು ಹೆಚ್ಚು. ಆದಕಾರಣ ಅದು ದೊಡ್ಡದಕ್ಕಿಂತ ಬೇಗನೆ ಸಪ್ಪೆಯಾಗುವದು. ಒತ್ತಡವನ್ನು ತಾಳುವ ಸಪೂರ ಕೊಳವೆಗೂ ಇದೇ ಗತಿ: ಒಂದು ತೊಡಕನ್ನು ಬಿಡಿಸಿದರೆ ಮತ್ತೊಂದು ಬಿಗಿಯುವದು. ಅಲ್ಯುಮಿನಿಯಂ ತಗಡನ್ನು ಪೊರೆಯ ನಡುವೆ ಸೇರಿಸಿದರೆ ಸೋರಿಕೆಯೇನೋ ನಿಲ್ಲುವದು. ಆದರೆ ಚೀಲವು ಹಿಗ್ಗಿ ಸುಕ್ಕುಗಟ್ಟಿದಲ್ಲಿ ತಗಡು ಬಿರಿಯುವದು. ಅರ್ಧ ಕುಡಿದ ಸೀಸೆಯನ್ನು ಹಿಸುಕಿ ಗಾಳಿಯನ್ನು ಹೊರಡಿಸಿ ಮುಚ್ಚುವ ವಾಡಿಕೆಯು ನಮ್ಮ ಮನೆಗಳಲ್ಲಿದೆ, ಇದರಿಂದ ಪ್ರಯೋಜನವಿಲ್ಲ. ಮೆತ್ತಗಿನ ಗೋಡೆಯನ್ನು ಮೊದಲಿನ ಆಕಾರಕ್ಕೆ ಉಬ್ಬಿಸುವದಕ್ಕಾಗಿಯೇ ವಾಯುವು ಪಾನೀಯವನ್ನು ಬಿಟ್ಟು ಹೊರಡುವದು.

ಎಲ್ಲವೂ ಸರಿಹೋಗಿ ಚೀಲವು ನಿಂತಿತೆಂದೇ ಭಾವಿಸೋಣ. ಅದನ್ನು ತೆರೆಯುವದು ಹೇಗೆ? ಕತ್ತರಿಯನ್ನು ತಾಗಿಸಿದೊಡನೆ ಪಾನೀಯವು ನೊರೆಯಾಗಿ ಮುಖಕ್ಕೆ ಹಾರುವದು. ಕೊಳವೆಯನ್ನು ಚುಚ್ಚಿದರೂ ಹಾಗೆಯೇ. ವಾಯುವನ್ನು ಮೊದಲು ಮೆಲ್ಲಗೆ ಬಿಡುವ ಗಟ್ಟಿಯಾದ ಬಾಯಿಯೂ ಬಿರಟೆಯೂ ಬೇಕು. ಅವುಗಳನ್ನು ಹಾಕಿದರೆ ಚೀಲದ ಅಗ್ಗವು ಎಲ್ಲಿ ಉಳಿಯಿತು?

ಚೀಲವನ್ನು ಉಪಯೋಗಿಸಲು ಇನ್ನೊಂದು ದಾರಿಯುಂಟು. ದೊಡ್ಡ ಸಿನೆಮಾಮಂದಿರಗಳಲ್ಲಿ ಸಿಹಿಯಾದ ಪಾಕವನ್ನು ಮಾತ್ರ ರಟ್ಟಿನ ಪೆಟ್ಟಿಗೆಯೊಳಗಣ ಮೆತ್ತನೆಯ ಚೀಲದಲ್ಲಿ ತರುವರು. ಇಂಥ ಚೀಲವನ್ನು 1955ರಲ್ಲಿ ಅಮೇರಿಕದ ವಿಲಿಯಂ ಶೋಲಿಯು ಬ್ಯಾಟರಿಯ ಆಮ್ಲವನ್ನು ಸಾಗಿಸುವದಕ್ಕಾಗಿ ಕಲ್ಪಿಸಿದ್ದನು. ವಾಯುವು ಬೇರೆಯಾಗಿ ಉಕ್ಕಿನ ಉರುಳೆಯಲ್ಲಿ ಬರುವದು. ಪಾಕವೂ ವಾಯು ಬೆರೆತ ನೀರೂ ಕೂಡುವದು ಲೋಟದ ಮೇಲಣ ನಲ್ಲಿಯಲ್ಲಿ. ಚೀಲವು ಒತ್ತಡವನ್ನು ಕಾಣುವದೇ ಇಲ್ಲ.

ಇದನ್ನೆಲ್ಲಾ ನಾವು ಆ ಬಾಲಿಕೆಗೆ ಹೇಳಿದೆವು. ಅವಳು ಕೇಳಿ, ಉಕ್ಕಿನ ಉರುಳೆಯು ತಮ್ಮ ಅಂಗಡಿಯಲ್ಲಿ ಈಗಲೇ ಇದೆಯೆಂದೂ, ಸೋಡಾ ತುಂಬುವ ಯಂತ್ರಕ್ಕೆ ವಾಯುವು ಅದರಿಂದಲೇ ಬರುವದೆಂದೂ, ನಿಂಬೆಯ ಪಾಕವನ್ನು ಚೀಲದಲ್ಲಿಟ್ಟು ಗಿರಾಕಿಯ ಎದುರಿನಲ್ಲಿಯೇ ಲೋಟಕ್ಕೆ ಕೂಡಿಸಬಹುದೋ ಎಂದು ತಂದೆಯವರನ್ನು ಕೇಳುವೆನೆಂದೂ ಹೇಳಿ ಹೋದಳು. ಬೇಸಿಗೆಯ ರಜೆಯಲ್ಲಿ ಅವರು ಅದನ್ನು ಮಾಡಿ ನೋಡಿದರು. ಅಂಗಡಿಯಲ್ಲಿ ಕುಳಿತು ಕುಡಿಯುವವರಿಗೆ ಅದು ಒಪ್ಪಿಗೆಯಾಯಿತು. ಮನೆಗೆ ಒಯ್ಯುವವರಿಗಾಗಿ ಗೋಲಿ ಸೀಸೆಗಳು ಉಳಿದವು, ಅವುಗಳನ್ನು ತುಂಬುವಾಗ ಮೇಲೆ ದಪ್ಪನೆಯ ಒದ್ದೆ ಗೋಣಿಯನ್ನು ಹೊದಿಸುವದಾಗಿ ಅವಳೇ ನಮಗೆ ತಿಳಿಸಿದಳು.